ಹೆಸರಿಡದೆ ಸಾಕಿದ ನಾಯಿ

ನಮ್ಮ ಮನೆಯಲ್ಲಿ ಆ ನಾಯಿಗೆ ಹೆಸರಿರಲಿಲ್ಲ. “ಅದಕ್ಕೆ ಹಾಕಿದ್ರಾ?” ಎಂದರೆ ಅದರ ಊಟದ ವಿಚಾರ. “ಅದು ಎಲ್ಲೋಯ್ತು?” ಎಂದರೆ ಯಾರೋ ಅದನ್ನು ಹುಡುಕುತ್ತಿದ್ದಾರೆ. ನಾನು ಶಿಡ್ಲಘಟ್ಟದ ಪ್ರೌಢಶಾಲೆಯೊಂದರಲ್ಲಿ ಪಾಠ ಹೇಳುವವಳು. ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂರುವ ಮಕ್ಕಳ ಹೆಸರೂ ನನ್ನ ನಾಲಿಗೆಯ ಮೇಲಿರುತ್ತದೆ ಎಂದು ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ. ಅಂಥ ನಾನು ವರ್ಷಗಟ್ಟಲೆ ಒಂದು ಜೀವಕ್ಕೆ ಮುದ್ದೆ ಹಾಕಿ, ಯಾರೂ ನೋಡದಾಗ ಅದರ ತಲೆ ಸವರಿ, ಅದನ್ನು ‘ಅದು’ ಎಂದೇ ಕರೆದೆ.

ನಮ್ಮ ಊರು ಮೇಲೂರಿನ ಪಕ್ಕದ್ದು. ಮನೆಯ ಹಿಂದೆ ಹಿಪ್ಪುನೇರಳೆ ತೋಟ, ತೋಟದ ಅಂಚಿಗೆ ಹುಳದ ಮನೆ. ರೇಷ್ಮೆ ಹುಳು ಸಾಕುವ ಆ ಕಟ್ಟಡವನ್ನು ನಮ್ಮ ಮನೆಯವರು ನೋಡಿಕೊಳ್ಳುತ್ತಾರೆ, ನಾನು ಶಾಲೆಯಿಂದ ಬಂದ ಮೇಲೆ ಕೈಜೋಡಿಸುತ್ತೇನೆ. ನಾಯಿ ಬಂದದ್ದು ಒಳ್ಳೆಯ ಬೆಳೆ ಕೈಗೆ ಸಿಕ್ಕಿದ ಸಮಯದಲ್ಲಿ. ಕಂದು ಬಣ್ಣದ ಮರಿ, ಹುಳದ ಮನೆಯ ಬಾಗಿಲಲ್ಲಿ ಬಂದು ಮಲಗಿತು. ಇಲಿಗಳ ಕಾಟ ಕಡಿಮೆಯಾಯಿತು. ಚಿಂತಾಮಣಿ ಕಡೆಯವರಾದ ನಮ್ಮ ಅತ್ತೆಗೆ ಮಾತಿನ ಮಧ್ಯೆ ತೆಲುಗು ಬಾರದೆ ಇರದು. “ಪೋನೀಲೇಮ್ಮಾ, ಕಾಲ್ಗುಣ ಚೆನ್ನಾಗೈತೆ, ಇರ್ಲಿ” ಎಂದರು.

ಹೆಸರಿಡೋಣ ಎಂದು ನಾನೇ ಒಮ್ಮೆ ಹೇಳಿದ್ದೆ. ಅತ್ತೆ ಒಪ್ಪಲಿಲ್ಲ. ಅವರು ಹೊಸದಾಗಿ ಮದುವೆಯಾಗಿ ಬಂದ ಕಾಲದಲ್ಲಿ ಹೆಸರಿಟ್ಟು ಸಾಕಿದ್ದ ನಾಯಿ ಸತ್ತಾಗ ಎರಡು ಹೊತ್ತು ಅನ್ನ ಬಿಟ್ಟಿದ್ದರಂತೆ. “ಹೆಸರಿಟ್ರೆ ಮನೆ ಮಗ ಆಗ್ಬಿಡ್ತಾನೆ. ಬೇಡ ಕಣಮ್ಮ” ಎಂದರು. ಅವರದು ದುಃಖದ ಭಯ. ನಾನು ಸುಮ್ಮನಾದದ್ದಕ್ಕೆ ಬೇರೆ ಕಾರಣವಿತ್ತು, ಅದನ್ನು ಆಗ ನನಗೆ ನಾನೇ ಹೇಳಿಕೊಂಡಿರಲಿಲ್ಲ. ಹೆಸರಿಟ್ಟರೆ ಬೆಲ್ಟು ಬೇಕು, ಸರಪಳಿ ಬೇಕು, ಪಶು ಆಸ್ಪತ್ರೆಗೆ ಕರೆದೊಯ್ಯಬೇಕು. ಹೆಸರಿಲ್ಲದಿದ್ದರೆ ತೋಟ ಕಾಯುತ್ತದೆ, ಇಲಿ ಹಿಡಿಯುತ್ತದೆ, ಕತ್ತಲಾದ ಮೇಲೆ ಊರೆಲ್ಲ ಸುತ್ತಿ ಬೆಳಗಿನ ಮುದ್ದೆಗೆ ವಾಪಸ್ಸು ಬರುತ್ತದೆ. ಲಾಭವೆಲ್ಲ ನಮ್ಮದು, ನಾಯಿ ಮಾತ್ರ ಯಾರದೂ ಅಲ್ಲ. ಇಷ್ಟು ಅನುಕೂಲದ ಲೆಕ್ಕಾಚಾರ ಮಾಡಿದವರು ಊರಿನಲ್ಲಿ ನಾವೊಬ್ಬರೇ ಅಲ್ಲ ಎಂದು ಹೇಳಿ ತಪ್ಪಿಸಿಕೊಳ್ಳಬಹುದು. ನಾನು ಹಾಗೆ ಹೇಳಿಯೂ ಇದ್ದೇನೆ.

ಒಂದು ಬೆಳಿಗ್ಗೆ ಪಶು ಆಸ್ಪತ್ರೆಯವರು ಹುಚ್ಚುನಾಯಿ ರೋಗದ ಲಸಿಕೆ ಹಾಕಲು ಊರಿಗೆ ಬಂದರು. ಹಿಂದಿನ ದಿನವೇ ಆಟೋದಲ್ಲಿ ಮೈಕು ಕಟ್ಟಿ ಸಾರಿಕೊಂಡು ಹೋಗಿದ್ದರು. ನಮ್ಮಲ್ಲಿ ಆಗ ಹುಳು ನಾಲ್ಕನೇ ಜ್ವರ ಎದ್ದಿದ್ದವು. ಜ್ವರ ಎಂದರೆ ಕಾಯಿಲೆಯಲ್ಲ, ಹುಳು ಮೇವು ಬಿಟ್ಟು ಪೊರೆ ಕಳಚುವ ಹೊತ್ತು. ನಾಲ್ಕನೆಯದು ಎದ್ದಮೇಲೆ ಅವು ಬಕಾಸುರನ ಹಾಗೆ ತಿನ್ನುತ್ತವೆ, ಆ ದಿನಗಳಲ್ಲಿ ಹೊರಗಿನವರಾರನ್ನೂ ನಾವು ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಒಂದು ಮನೆಯ ಹುಳದ ರೋಗ ಇನ್ನೊಂದು ಮನೆಗೆ ಮನುಷ್ಯರ ಕಾಲಿನಲ್ಲೇ ಹೋಗುತ್ತದೆ. ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಪುಡಿ ಹರಡಿ, ಅದನ್ನು ಮೆಟ್ಟಿಯೇ ಒಳಗೆ ಹೋಗಬೇಕು. ನಾನು ಶಾಲೆಯಿಂದ ಬಂದು ಸ್ನಾನ ಮಾಡದೆ ಸೊಪ್ಪು ಮುಟ್ಟುವಂತಿಲ್ಲ. ಲಸಿಕೆಯವರೋ ಮನೆಮನೆ ಸುತ್ತಿ, ಊರ ನಾಯಿಗಳನ್ನೆಲ್ಲ ಹಿಡಿದು ಬರುತ್ತಿದ್ದವರು.

ಗೇಟಿನಲ್ಲೇ ನಿಲ್ಲಿಸಿದೆ. ಹುಳದ ಮನೆಯ ಮುಂದೆ ನಾಯಿ ಮಲಗಿದ್ದು ಅಲ್ಲಿಂದಲೇ ಕಾಣುತ್ತಿತ್ತು.

“ಆ ನಾಯಿ ನಿಮ್ದಾ ಅಮ್ಮಾ?” ಎಂದು ಬಂದವರಲ್ಲಿ ಹಿರಿಯರು ಕೇಳಿದರು.

“ಅಲ್ಲ ಸಾರ್, ಬೀದೀದು. ಸುಮ್ನೆ ಬಂದು ಮಲಗತ್ತೆ” ಎಂದೆ.

“ಬೀದೀದಾದ್ರೂ ಪರ್ವಾಗಿಲ್ಲ, ಹಿಡಿದು ಕೊಡಿ, ಹಾಕಿ ಹೋಗ್ತೀವಿ.”

“ಅದು ಯಾರ ಕೈಗೂ ಸಿಗಲ್ಲ ಸಾರ್.”

ನನ್ನ ದನಿ ಕೇಳಿ ನಾಯಿ ಎದ್ದು ಬಾಲ ಅಲ್ಲಾಡಿಸುತ್ತ ನೇರ ನನ್ನ ಬಳಿಗೇ ಬಂದಿತು. ಬಂದು ನನ್ನ ಸೀರೆಗೆ ಮೈ ತಿಕ್ಕಿತು. ಅವರು ನಾಯಿಯನ್ನು ನೋಡಿದರು, ನನ್ನನ್ನು ನೋಡಿದರು. “ನೋಡಿ ಅಮ್ಮಾ, ಲಸಿಕೆ ಹಾಕ್ಸೋದು ಸಾಕಿದವರ ಜವಾಬ್ದಾರಿ. ಬೀದೀಗೆ ಬಿಟ್ಟು ನಾಳೆ ಯಾರಿಗಾದ್ರೂ ಕಚ್ಚಿದ್ರೆ ಅದಕ್ಕೂ ನೀವೇ ಉತ್ತರ ಹೇಳ್ಬೇಕಾಗತ್ತೆ” ಎಂದರು. ನಾನು ಕಾಲಿನಿಂದ ನಾಯಿಯನ್ನು ಹಿಂದಕ್ಕೆ ತಳ್ಳಿದೆ. ಬೆಳೆ ಎದ್ದ ಮೇಲೆ ನಾವೇ ಕರೆದುಕೊಂಡು ಹೋಗೋಣ ಎಂದು ಮನಸ್ಸಿನಲ್ಲಿ ಅಂದುಕೊಂಡೆ. ಬೆಳೆ ಎದ್ದಿತು, ಗೂಡು ಮಾರುಕಟ್ಟೆಗೆ ಹೋಯಿತು, ಮುಂದಿನ ಬೆಳೆಗೆ ಮೊಟ್ಟೆ ಬಂತು. ಹುಳದ ಮನೆಯ ನೆಲ, ಗೋಡೆ, ಬುಟ್ಟಿಗಳನ್ನೆಲ್ಲ ರೋಗ ತಗುಲದಂತೆ ತೊಳೆದು ಒಣಗಿಸಿದೆವು. ನಾಯಿಯ ನೆನಪು ಯಾರಿಗೂ ಬರಲಿಲ್ಲ.

ಮುಂದೆ ಒಂದು ದಿನ ಅದು ಕಿವಿ ಹರಿದುಕೊಂಡು ಬಂದಿತು. ಕೆರೆ ಕಡೆಯ ನಾಯಿಗಳ ಜೊತೆ ಕಚ್ಚಾಡಿತ್ತಂತೆ. ಅತ್ತೆ ಅರಿಶಿನ ಮೆತ್ತಿದರು. “ಗಂಡು ನಾಯಿ, ಹೋಗ್ದೆ ಇರತ್ತಾ” ಎಂದು ನಮ್ಮ ಮನೆಯವರು ನಕ್ಕರು. ನಾನೂ ನಕ್ಕೆ.

ಆಮೇಲಿನ ಬೆಳೆಯಲ್ಲಿ, ಅವರೆಕಾಯಿಯ ಕಾಲದಲ್ಲಿ, ಹುಳು ಹಣ್ಣಾದವು, ಎಂದರೆ ಗೂಡು ಕಟ್ಟಲು ಸಿದ್ಧವಾದವು. ಹಣ್ಣಾದ ಹುಳುವನ್ನು ಆರಿಸಿ ಚಂದ್ರಿಕೆಗೆ ಬಿಡಬೇಕು. ಬಿದಿರಿನ ಆ ತಟ್ಟಿಯ ಸುರುಳಿಗಳಲ್ಲೇ ಅವು ಗೂಡು ಕಟ್ಟುವುದು. ತಡವಾದರೆ ಎಲ್ಲೆಂದರಲ್ಲಿ ನೂಲು ಬಿಟ್ಟು ಬೆಳೆ ಹಾಳಾಗುತ್ತದೆ, ಹಾಗಾಗಿ ಆ ದಿನ ಅಕ್ಕಪಕ್ಕದವರೆಲ್ಲ ಬಂದು ಕೈ ಹಾಕುತ್ತಾರೆ. ನಾನು ಶಾಲೆಗೆ ರಜೆ ಹಾಕಿದ್ದೆ. ಪಕ್ಕದ ಮನೆಯವಳೂ ತನ್ನ ಕೆಲಸ ಬಿಟ್ಟು ಬಂದಿದ್ದಳು. ಅವಳು ನನಗಿಂತ ಚಿಕ್ಕವಳು, ನೂಲು ಬಿಚ್ಚುವ ಘಟಕದಲ್ಲಿ ಬಿಸಿನೀರಿಗೆ ಕೈಯಿಟ್ಟು ಗೂಡಿನ ಎಳೆ ಹಿಡಿಯುವವಳು. ನನಗೆ ಅವಳು ತಂಗಿಯ ಲೆಕ್ಕ. ಅವಳ ಮನೆಯ ಮೊಸರು ನಮ್ಮ ಮನೆಗೆ, ನಮ್ಮ ತೋಟದ ಸೊಪ್ಪಿನ ಕಡ್ಡಿ ಅವಳ ಒಲೆಗೆ.

ಹುಳು ತುಂಬಿದ ಮೊರ ಹಿಡಿದು ಅವಳು ಬಾಗಿಲು ದಾಟುವಾಗ ನಾಯಿಯ ತಟ್ಟೆ ಕಾಲಿಗೆ ಅಡ್ಡ ಬಂದಿತು. ನಾಯಿ ಉಣ್ಣುತ್ತಿತ್ತು. ಮೊರವನ್ನು ಸೊಂಟಕ್ಕೆ ಆನಿಸಿ ಅವಳು ಬಗ್ಗಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. ನಾಯಿ ಅವಳ ಬಲಗೈಯನ್ನು ಹಿಡಿಯಿತು. ಬರೀ ಗೀರಲ್ಲ, ಅಂಗೈಯ ಬುಡದಲ್ಲಿ ಹಲ್ಲು ಇಳಿದಿತ್ತು. ಅಷ್ಟಾದರೂ ಅವಳು ಮೊರ ಬೀಳಿಸಲಿಲ್ಲ. “ಮೊದ್ಲು ಹುಳ ಹಿಡ್ಕೊಳಿ ಅಕ್ಕ” ಎಂದಳು. ನಾನು ಹುಳುವನ್ನೇ ಮೊದಲು ಹಿಡಿದುಕೊಂಡೆ.

ಕಚ್ಚಿದ ಜಾಗವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆಯಬೇಕು ಎಂಬುದು ನನಗೆ ಗೊತ್ತಿತ್ತು. ತರಗತಿಯಲ್ಲಿ ಹೇಳಿದ್ದೇನೆ. ಆದರೆ ಅತ್ತೆ ಆ ಹೊತ್ತಿಗಾಗಲೇ ಪಕ್ಕದಲ್ಲಿದ್ದ ಸುಣ್ಣದ ಚೀಲಕ್ಕೆ ಕೈ ಹಾಕಿ ಗಾಯಕ್ಕೆ ಮೆತ್ತಿ, ಬಟ್ಟೆ ಸುತ್ತಿಬಿಟ್ಟಿದ್ದರು. ನಾನು ಬೇಡ ಎನ್ನಲಿಲ್ಲ. ನನ್ನ ಕಣ್ಣು ಚಂದ್ರಿಕೆಯ ಮೇಲಿತ್ತು. ಅವಳು ಎಡಗೈಯಲ್ಲೇ ಹುಳು ಆರಿಸುತ್ತ ಕೂತಳು, ನಾವು ಕೂರಲು ಬಿಟ್ಟೆವು. ಆಸ್ಪತ್ರೆಗೆ ಹೊರಟದ್ದು ಹುಳುವೆಲ್ಲ ಚಂದ್ರಿಕೆಗೆ ಸೇರಿದ ಮೇಲೆ. ಇದನ್ನು ಬರೆಯುವಾಗ ನಾಚಿಕೆಯಾಗುತ್ತದೆ. ಆಗ ಮಾತ್ರ ಇದು ನಮಗೆಲ್ಲರಿಗೂ, ಅವಳಿಗೂ, ಸಹಜವೆಂದೇ ತೋರಿತ್ತು.

ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು ಸುಣ್ಣ ನೋಡಿ ಬೈದರು. ನಲ್ಲಿಯ ಕೆಳಗೆ ಕೈ ಹಿಡಿಸಿ ತೊಳೆಸಿದರು. ಸುಣ್ಣ ಬಿಡುವ ತನಕ ಅವಳು ಹಲ್ಲು ಕಚ್ಚಿಕೊಂಡು ನಿಂತಿದ್ದಳು.

“ಸಾಕಿದ ನಾಯೀನಾ, ಬೀದೀದಾ?” ಎಂದು ಡಾಕ್ಟರು ಕೇಳಿದರು.

ಅವಳು ನನ್ನ ಮುಖ ನೋಡಿದಳು. ನಾನು ಬಗ್ಗಿ ನಲ್ಲಿ ನಿಲ್ಲಿಸತೊಡಗಿದೆ. ಅವಳೇ “ಬೀದೀದು ಸಾರ್” ಎಂದಳು.

ಕಚ್ಚಿಸಿಕೊಂಡವಳು ಕಚ್ಚಿಸಿದವಳ ಮಾನ ಕಾಯುತ್ತಿದ್ದಳು, ನಾನು ಅದನ್ನು ಸಲೀಸಾಗಿ ಸ್ವೀಕರಿಸಿದೆ. ಗಾಯದ ಸುತ್ತ ಸೀರಮ್ ಚುಚ್ಚಿದರು, ತೋಳಿಗೆ ಲಸಿಕೆ ಹಾಕಿದರು, ಮತ್ತೆ ಯಾವ್ಯಾವ ದಿನ ಬರಬೇಕೆಂದು ಹೇಳಿದರು. “ಒಂದೂ ತಪ್ಪಿಸ್ಬೇಡಿ. ನಾಯಿ ಕಣ್ಣಿಗೆ ಬೀಳ್ತಿದ್ರೆ ಹತ್ತು ದಿನ ಗಮನಿಸಿ. ಅಷ್ಟೂ ದಿನ ಅದು ಚೆನ್ನಾಗಿದ್ರೆ ಮುಂದಿನ ಸೂಜಿ ಬೇಕಾ ಬೇಡ್ವಾ ನಾನು ಹೇಳ್ತೀನಿ” ಎಂದರು.

ಮನೆಗೆ ಬಂದು ಇದನ್ನು ನಮ್ಮ ಮನೆಯವರಿಗೆ ಹೇಳಬೇಕೆಂದುಕೊಂಡೆ, ದಣಿವಿನಲ್ಲಿ ಹೇಳಲಿಲ್ಲ. ಮಾರನೆಯ ದಿನ ಪೇಟೆಗೆ ಹೋಗಿ ಬಂದಾಗ ನಾಯಿಯ ತಟ್ಟೆ ಗೋಡೆಗೆ ಒರಗಿಸಿಟ್ಟಿತ್ತು. ತೊಳೆದಿಟ್ಟಿದ್ದರು. ತೊಂಡೇಬಾವಿ ಕಡೆಗೆ ಹೊರಟಿದ್ದ ಪರಿಚಯದವರ ಗೂಡ್ಸ್ ಆಟೋದಲ್ಲಿ ನಮ್ಮ ಮನೆಯವರು ನಾಯಿಯನ್ನು ಹತ್ತಿಸಿಕೊಂಡು ಹೋಗಿ, ಅಲ್ಲಿನ ರೈಲ್ವೆ ಸ್ಟೇಷನ್ ಹತ್ತಿರ ಇಳಿಸಿ ಬಂದಿದ್ದರು.

“ಅಲ್ಲಿ ಹೋಟ್ಲು ಗೀಟ್ಲು ಐತೆ, ಹೊಟ್ಟೆಗೇನೂ ಕಮ್ಮಿ ಇಲ್ಲ. ನಾಳೆ ಯಾರಾದ್ರೂ ಕೇಸು ಅಂತ ಬಂದ್ರೆ? ನಾಯೀನೇ ಇಲ್ದಿದ್ಮೇಲೆ ಏನ್ ಕೇಳ್ತಾರೆ?” ಎಂದರು ನಮ್ಮ ಮನೆಯವರು. ಅದು ಆಟೋ ಹತ್ತಲು ಕಾಟ ಕೊಟ್ಟಿತೇ ಎಂದು ಕೇಳಿದೆ. “ಇಲ್ಲ, ನಾನು ಕರೆದೆ, ಹತ್ತಿಕೊಂಡ್ತು” ಎಂದರು. ಹೇಳುವಾಗ ಅವರು ಬೇರೆಲ್ಲೋ ನೋಡುತ್ತಿದ್ದರು.

ನಾನು ಕೂಗಾಡಬೇಕಿತ್ತು. ಸಣ್ಣಪುಟ್ಟದ್ದಕ್ಕೆಲ್ಲ ಮನೆ ಹಾರಿಹೋಗುವಂತೆ ಕೂಗಾಡುವ ಬಾಯಿ ನನ್ನದು. ಅವತ್ತು ಆ ಬಾಯಿ ಮುಚ್ಚಿಕೊಂಡಿತ್ತು, ಯಾಕೆಂದರೆ ನನಗೆ ಒಳಗೊಳಗೇ ಹಗುರವಾಗಿತ್ತು. ಗೇಟಿನಲ್ಲಿ ನಾನು ಹೇಳಿದ್ದ ‘ನಮ್ಮದಲ್ಲ’ ಎನ್ನುವ ಮಾತನ್ನು ನಮ್ಮ ಮನೆಯವರು ನಿಜ ಮಾಡಿ ಬಂದಿದ್ದರು.

ಪಕ್ಕದ ಮನೆಯವಳು ಎರಡನೆಯ ಸೂಜಿಗೂ ಹೋಗಿ ಬಂದಳು. ಕೈ ಊದಿತ್ತು, ಬಿಸಿನೀರಿಗೆ ಇಡುವಂತಿರಲಿಲ್ಲ, ಕೆಲಸಕ್ಕೆ ಹೋಗಿರಲಿಲ್ಲ. ದಿನಾ ಸಂಜೆ ಬೇಲಿಯ ಆಚೆಯಿಂದ ಒಂದೇ ಮಾತು ಕೇಳುತ್ತಿದ್ದಳು.

“ನಾಯಿ ಚೆನ್ನಾಗೈತಾ ಅಕ್ಕ?”

“ಚೆನ್ನಾಗಿದೆ ಕಣೇ.”

“ಕಾಣಲ್ವಲ್ಲ?”

“ತೋಟದ ಕೊನೇಲಿ ಕಟ್ಟಿದೀವಿ, ಇನ್ನು ಯಾರಿಗೂ ಕಚ್ಚೋದು ಬೇಡ ಅಂತ.”

ಆ ಸುಳ್ಳನ್ನು ನಾನು ಮೊದಲೇ ಯೋಚಿಸಿಟ್ಟಿರಲಿಲ್ಲ. ಕೇಳಿದಳು, ಬಂದುಬಿಟ್ಟಿತು. ಅವಳಿಗೆ ಧೈರ್ಯ ಬರಲಿ ಎಂದೇ ಹೇಳಿದ್ದು ಎಂದು ಸಮಾಧಾನ ಮಾಡಿಕೊಂಡೆ. ಕಟ್ಟದೇ ಇದ್ದ ನಾಯಿಯನ್ನು ಮಾತಿನಲ್ಲಾದರೂ ಕಟ್ಟಿಹಾಕಿದ್ದೆ. ಅದು ಮುದ್ದೆ ತಿಂದಿತಾ ಎಂದು ಅವಳು ಕೇಳಿದಾಗ ತಿಂದಿತು ಎಂದೂ ಹೇಳಿದೆ.

ಶನಿವಾರ ಅವಳ ಮುಂದಿನ ಸೂಜಿ. ಶಾಲೆ ಮುಗಿಸಿ ಮಧ್ಯಾಹ್ನ ಬಂದಾಗ ಅವಳು ಅಂಗಳದಲ್ಲಿ ಬಟ್ಟೆ ಒಣಹಾಕುತ್ತಿದ್ದಳು.

“ಆಸ್ಪತ್ರೆಗೆ ಹೋಗಿ ಬಂದ್ಯಾ?” ಎಂದೆ.

“ಇಲ್ಲ ಅಕ್ಕ. ನಾಯಿ ಚೆನ್ನಾಗಿದ್ರೆ ಸೂಜಿ ಬೇಡ ಅಂದ್ರಲ್ಲ ಡಾಕ್ಟ್ರು. ನೀವು ದಿನಾ ನೋಡ್ತಿದೀರಲ್ಲ. ಸುಮ್ನೆ ಯಾಕೆ ಅರ್ಧ ದಿನ ಕೂತು ಬರೋದು ಅಂತ ಬಿಟ್ಟೆ.”

ಡಾಕ್ಟರು ಹೇಳಿದ್ದು ಹಾಗಲ್ಲ, ಹತ್ತು ದಿನ ಇನ್ನೂ ಕಳೆದೂ ಇಲ್ಲ ಎಂದು ಹೇಳಲು ಹೋದೆ. “ನೀವಿದೀರಲ್ಲ ಅಕ್ಕ” ಎಂದು ನಕ್ಕು ಬಟ್ಟೆ ಝಾಡಿಸಿದಳು. ಕಿವಿ ಹರಿದುಕೊಂಡು ಬಂದಿದ್ದ ನಾಯಿ. ಲಸಿಕೆಯಿಲ್ಲದ ನಾಯಿ. ಅದು ಬದುಕಿದೆಯೋ, ಜೊಲ್ಲು ಸುರಿಸುತ್ತ ಎಲ್ಲಿ ಬಿದ್ದಿದೆಯೋ ಯಾರಿಗೆ ಗೊತ್ತು? ಆ ರೋಗ ಹಿಡಿದವರಿಗೆ ಗಂಟಲಲ್ಲಿ ನೀರು ಇಳಿಯುವುದಿಲ್ಲ, ಒಮ್ಮೆ ಕಾಣಿಸಿಕೊಂಡರೆ ಉಳಿಸುವ ಔಷಧವಿಲ್ಲ ಎಂದು ಕಪ್ಪುಹಲಗೆಯ ಮೇಲೆ ಬರೆದು ಅಡಿಗೆರೆ ಎಳೆದವಳು ನಾನು. ನನ್ನ ಒಂದು ಮಾತನ್ನು ನಂಬಿ ಒಬ್ಬಳು ಸೂಜಿ ಬಿಟ್ಟು ಬಟ್ಟೆ ಒಣಗಿಸುತ್ತಿದ್ದಳು.

ಆಗಲೇ ನಿಜ ಹೇಳಿ, ಆಗಲೇ ಕರೆದುಕೊಂಡು ಹೋಗಬೇಕಿತ್ತು. ನಾನು ಹಾಗೆ ಮಾಡಲಿಲ್ಲ. ಇನ್ನೊಂದು ದಾರಿ ಹೊಳೆಯಿತು. ನಾಯಿಯನ್ನು ಹುಡುಕಿ ತಂದು ತೋಟದ ಕೊನೆಯಲ್ಲಿ ಕಟ್ಟಿಬಿಟ್ಟರೆ ನಾನು ಹೇಳಿದ್ದು ಸುಳ್ಳೇ ಅಲ್ಲವಲ್ಲ! ಓದಿದವಳ ತಲೆ ಓಡುವ ಚಂದ ನೋಡಿ. ಭಾನುವಾರ ಬೆಳಿಗ್ಗೆ ಶಾಲೆಯ ಮೀಟಿಂಗ್ ಎಂದು ಅತ್ತೆಗೆ ಹೇಳಿ, ಹೊಸ ಹಗ್ಗವೊಂದನ್ನು ಚೀಲದಲ್ಲಿಟ್ಟುಕೊಂಡು ಚಿಕ್ಕಬಳ್ಳಾಪುರದ ಬಸ್ಸು ಹತ್ತಿದೆ.

ಬಸ್ಸಿನಲ್ಲಿ ಮೊಬೈಲ್ ತೆಗೆದು ನಾಯಿ ಸಾಕಿದವರ ಕಾನೂನು ಏನಿದೆ ಎಂದು ಹುಡುಕಿದೆ. ಸಾಕಿದ ಪ್ರಾಣಿಗೆ ಲಸಿಕೆ ಹಾಕಿಸುವುದು ಮಾಲೀಕರ ಹೊಣೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ಎಚ್ಚರ ವಹಿಸದಿದ್ದರೆ ಶಿಕ್ಷೆಯುಂಟು. ಸಾಕಿದ್ದನ್ನು ತೊರೆದು ಬಂದರೆ ಅದು ಪ್ರಾಣಿಹಿಂಸೆ, ಅದಕ್ಕೂ ಶಿಕ್ಷೆಯುಂಟು. ಒಂದನ್ನೂ ಬಿಡದೆ ಎಲ್ಲವನ್ನೂ ಮುರಿದಿದ್ದೆವು. ನಾಯಿ ನಮ್ಮದಲ್ಲ ಎಂದು ಇನ್ನೂ ವಾದಿಸಬಹುದಿತ್ತು, ಆದರೆ ಚೀಲದಲ್ಲಿ ಹಗ್ಗ ಇಟ್ಟುಕೊಂಡು ಹೊರಟವಳು ಆ ವಾದ ಯಾರ ಮುಂದೆ ಮಾಡಲಿ?

ಚಿಕ್ಕಬಳ್ಳಾಪುರದಲ್ಲಿ ಗೌರಿಬಿದನೂರಿನ ಬಸ್ಸು, ಅಲ್ಲಿಂದ ಇನ್ನೊಂದು. ತೊಂಡೇಬಾವಿ ಸ್ಟೇಷನ್ ತಲುಪಿದಾಗ ಬಿಸಿಲು ಏರಿತ್ತು. ಪ್ಲಾಟ್‌ಫಾರ್ಮಿನಲ್ಲಿ ಒಂದು ಹಿಂಡು ಜನ ರೈಲಿಗೆ ಕಾಯುತ್ತಿದ್ದರು. ಕಂಬದ ನೆರಳಿನಲ್ಲಿ, ಬೆಂಚಿನ ಅಡಿಯಲ್ಲಿ ನಾಯಿಗಳು ಮಲಗಿದ್ದವು. ಒಂದೊಂದನ್ನೂ ಬಗ್ಗಿ ನೋಡುತ್ತ ಹೋದೆ. ಯಾವುದೂ ನಮ್ಮದಲ್ಲ. ಹೊರಗೆ ಬಂದು ಹೋಟೆಲುಗಳ ಹಿಂಭಾಗ, ಗೋಡೌನಿನ ಮಗ್ಗುಲು, ಹಳಿಯ ಆಚೆಯ ಜಾಲಿ ಪೊದೆಯವರೆಗೂ ನಡೆದೆ. ಅಲ್ಲಿ ನಿಂತು ಕೂಗಿ ಕರೆಯೋಣ ಎಂದು ಬಾಯಿ ತೆರೆದೆ.

ಏನೆಂದು ಕೂಗುವುದು?

ಬಾಯಿ ತೆರೆದುಕೊಂಡೇ ನಿಂತೆ. ಅಷ್ಟು ವರ್ಷದಲ್ಲಿ ಅದರ ಕಿವಿಗೆಂದೇ ಒಂದು ಶಬ್ದವನ್ನು ನಾವು ಕೊಟ್ಟಿರಲಿಲ್ಲ. ‘ಅದು’ ಎಂದು ಕೂಗಲಾಗುತ್ತದೆಯೇ? ಕೊನೆಗೆ ನಾಲಿಗೆಯಲ್ಲಿ ಚ್ಚು ಚ್ಚು ಎಂದೆ. ಪ್ಲಾಟ್‌ಫಾರ್ಮಿನ ನಾಯಿಗಳೆಲ್ಲ ಎದ್ದು ಬಂದವು. ಬಾಲ ಅಲ್ಲಾಡಿಸುತ್ತ ನನ್ನ ಸುತ್ತ ನಿಂತು ಚೀಲ ಮೂಸಿದವು. ನಮ್ಮದು ಬರಲಿಲ್ಲ. ನಮ್ಮ ಮನೆಯವರು ಕರೆದಾಗ ಆಟೋ ಹತ್ತಿಕೊಂಡದ್ದು ನೆನಪಾಯಿತು. ಕರೆದವರ ದನಿಯನ್ನು ಹೆಸರಿಲ್ಲದೆಯೂ ನಂಬಿತ್ತು. ಅಳು ಬಂತು, ಆ ಪರ ಊರಿನಲ್ಲಿ ನಾಯಿಗಳ ನಡುವೆ ನಿಂತು ಅತ್ತುಬಿಟ್ಟೆ.

ಟೀ ಅಂಗಡಿಯವರು ನೋಡುತ್ತಿದ್ದರು. “ಏನಮ್ಮಾ, ನಾಯಿ ತಪ್ಪಿಸ್ಕೊಂಡ್ತಾ? ಏನ್ ಹೆಸ್ರು ಹೇಳಿ, ನಮ್ಮ ಹುಡುಗ್ರಿಗೂ ಹೇಳ್ತೀನಿ.”

“ಹೆಸರಿಲ್ಲ.”

“ಕೊರಳಲ್ಲಿ ಬೆಲ್ಟು?”

“ಇಲ್ಲ. ಕಂದು ಬಣ್ಣ, ಕಿವಿ ಹರಿದಿದೆ.”

“ಇಲ್ಲಿರೋ ಅರ್ಧ ನಾಯಿ ಹಂಗೇ ಅವೆ. ಮತ್ತೆ ನಿಮ್ದೇ ಅಂತ ಹೆಂಗ್ ಹೇಳ್ತೀರಿ?”

ಅವರು ಕುಹಕಕ್ಕೆ ಕೇಳಿರಲಿಲ್ಲ, ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದರು. ಆಗ ಪ್ಲಾಟ್‌ಫಾರ್ಮಿನ ತುದಿಯಲ್ಲಿ ಇಬ್ಬರು ಚಿಕ್ಕ ಮಕ್ಕಳು ನಾಯಿಗಳಿಗೆ ಬಿಸ್ಕತ್ತು ಮುರಿದು ಹಾಕುತ್ತಿದ್ದುದು ಕಣ್ಣಿಗೆ ಬಿತ್ತು. ನನ್ನ ಪಕ್ಕದ ಮನೆಯವಳ ಭಯದಲ್ಲಿ ಈ ಊರಿನವರನ್ನು ನಾನು ಯೋಚಿಸಿಯೇ ಇರಲಿಲ್ಲ. ನಮ್ಮ ಅಪಾಯವನ್ನು ಆಟೋದಲ್ಲಿ ಹೇರಿಕೊಂಡು ಬಂದು ಇವರ ಅಂಗಳದಲ್ಲಿ ಇಳಿಸಿದ್ದೆವು.

“ಆ ನಾಯಿ ಸಿಕ್ರೆ ಮುಟ್ಬೇಡಿ. ಒಬ್ಬರಿಗೆ ಕಚ್ಚಿದೆ. ಲಸಿಕೆ ಹಾಕ್ಸಿಲ್ಲ” ಎಂದೆ.

ಟೀ ಅಂಗಡಿಯವರ ಮುಖ ಬದಲಾಯಿತು. “ಕಚ್ಚೋ ನಾಯೀನ ತಂದು ಇಲ್ಲಿ ಬಿಟ್ರಾ? ಓದಿದೋರ ಥರ ಕಾಣ್ತೀರ!” ಎಂದರು. ಇನ್ನೂ ಬೈಯಲಿ ಎಂದು ನಿಂತೆ. ಅವರು ಬೈಯದೆ ಮಕ್ಕಳನ್ನು ಕೂಗಿ ಒಳಗೆ ಕರೆದುಕೊಂಡರು. ನನ್ನ ಫೋನ್ ನಂಬರು ಕೊಟ್ಟು, ಅಲ್ಲಿಂದಲೇ ನಮ್ಮ ಕಡೆಯ ಪಶು ಆಸ್ಪತ್ರೆಯವರಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಈ ಕಡೆಯವರಿಗೆ ತಿಳಿಸುತ್ತೇವೆ ಎಂದರು. ಹಗ್ಗ ಹಾಗೆಯೇ ಚೀಲದಲ್ಲಿ ಉಳಿಯಿತು.

ಸಂಜೆ ಊರಿಗೆ ಮರಳಿ ಪಕ್ಕದ ಮನೆಗೆ ಹೋದಾಗ ಅವಳು ಬಾಗಿಲಲ್ಲಿ ಕೂತು ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ಎಡಗೈಯಲ್ಲಿ ಅದು ಸರಿಯಾಗಿ ಬರುತ್ತಿರಲಿಲ್ಲ, ಕಾಳು ಜಾರಿ ಜಾರಿ ನೆಲಕ್ಕೆ ಬೀಳುತ್ತಿತ್ತು. ನಾನು ಕೂರಲಿಲ್ಲ. ಕೂತರೆ ಮಾತು ಬೇರೆಡೆ ಹೋಗುತ್ತದೆ ಎಂದು ಹೆದರಿದೆ.

“ನಾಯಿ ಇಲ್ಲ ಕಣೇ. ಕಚ್ಚಿದ ಮಾರನೇ ದಿನಾನೇ ತೊಂಡೇಬಾವೀಲಿ ಬಿಟ್ಟು ಬಂದ್ರು. ಇವತ್ತು ಹುಡುಕ್ಕೊಂಡು ಹೋಗಿದ್ದೆ, ಸಿಗ್ಲಿಲ್ಲ. ಲಸಿಕೇನೂ ಹಾಕ್ಸಿರ್ಲಿಲ್ಲ. ಚೆನ್ನಾಗಿದೆ ಅಂತ ನಾನು ನಿಂಗೆ ಸುಳ್ಳು ಹೇಳ್ದೆ. ನೀನು ಸೂಜಿ ಬಿಡ್ಬಾರ್ದು. ನಾಳೆ ಬೆಳಿಗ್ಗೇನೇ ಹೋಗಣ.”

ಅವಳು ಕಾಳು ಹಿದುಕುವುದನ್ನು ನಿಲ್ಲಿಸಿದಳು. ನನ್ನನ್ನು ನೋಡಲಿಲ್ಲ, ಬಟ್ಟೆ ಸುತ್ತಿದ ತನ್ನ ಬಲಗೈಯನ್ನು ನೋಡಿಕೊಂಡಳು.

“ಅದು ನಿಮ್ದು ಅಂತ ಊರಿಗೇ ಗೊತ್ತಿತ್ತು ಅಕ್ಕ” ಎಂದಳು ನಿಧಾನವಾಗಿ. “ನೀವು ನಮ್ದಲ್ಲ ಅಂತಿದ್ರಲ್ಲ, ಏನೋ ಕಾರಣಕ್ಕೆ ಹಂಗಂತೀರ ಅಂತ ನಾನೂ ಆಸ್ಪತ್ರೇಲಿ ಬೀದೀದು ಅಂದೆ. ಅದು ಹೋಗ್ಲಿ. ಆದ್ರೆ ಮುದ್ದೆ ತಿಂತು ಅಂದ್ರಲ್ಲ, ಅದನ್ನ ನಾನು ನಂಬ್ದೆ.”

ನನ್ನನ್ನು ಕ್ಷಮಿಸು ಎಂದೆ. ಅವಳು “ಎಷ್ಟೊತ್ತಿಗೆ ಹೋಗಣ?” ಎಂದಷ್ಟೇ ಕೇಳಿದಳು.

ಬೆಳಿಗ್ಗೆ ಆಸ್ಪತ್ರೆಯಲ್ಲಿ ಅದೇ ಡಾಕ್ಟರು. ಯಾಕೆ ತಪ್ಪಿಸಿದಿರಿ ಎಂದು ಅವಳನ್ನು ಗದರಿದರು. “ಅವಳ ತಪ್ಪಲ್ಲ ಸಾರ್, ನಾನು ಹೇಳಿದ ಸುಳ್ಳು ನಂಬಿ ಬರಲಿಲ್ಲ” ಎಂದೆ. ನೀವು ಯಾರು ಎಂದು ಕೇಳಿದರು. “ನಾಯಿ ನಮ್ಮದು” ಎಂದೆ. ಲಸಿಕೆ ಹಾಕಿಸಿತ್ತೇ, ಈಗ ಎಲ್ಲಿದೆ, ಯಾಕೆ ಬಿಟ್ಟು ಬಂದಿರಿ ಎಂದು ಒಂದಾದ ಮೇಲೊಂದು ಕೇಳಿದರು, ಎಲ್ಲದಕ್ಕೂ ಉತ್ತರ ಕೊಟ್ಟೆ. ಸೂಜಿಗೆ ಕೂತಿದ್ದವರೆಲ್ಲ ನನ್ನ ಕಡೆ ತಿರುಗಿದ್ದರು. ಅಲ್ಲಿದ್ದ ಒಬ್ಬ ತಾಯಿ ತನ್ನ ಮಗುವಿನ ಕಾಲಿನ ಕಟ್ಟನ್ನು ಸೆರಗಿನಿಂದ ಮುಚ್ಚಿಕೊಂಡಳು. ತಡವಾದರೂ ಪರವಾಗಿಲ್ಲ, ಇನ್ನು ಒಂದನ್ನೂ ಬಿಡಬೇಡಿ ಎಂದು ಡಾಕ್ಟರು ಸೂಜಿ ಹಾಕಿಸಿದರು. ಆಮೇಲಿನ ಪ್ರತಿ ಸೂಜಿಗೂ ನಾನೇ ರಜೆ ಹಾಕಿ ಅವಳ ಜೊತೆ ಹೋದೆ. ದಾರಿಯಲ್ಲಿ ಅವಳು ಮೊದಲಿನ ಹಾಗೆ ಮಾತಾಡುತ್ತಿರಲಿಲ್ಲ. ಕೇಳಿದ್ದಕ್ಕೆ ಉತ್ತರ, ಅಷ್ಟೇ.

ನಮ್ಮ ಮನೆಯಲ್ಲಿ ಜಗಳವಾಯಿತು, ಅದು ಆಗಬೇಕಾದದ್ದೇ. ನಮ್ಮ ಮನೆಯವರು ಇನ್ನೆರಡು ಸಲ ತೊಂಡೇಬಾವಿಗೆ ಹೋಗಿ ಹುಡುಕಿದರು. ಪಶು ಆಸ್ಪತ್ರೆಯವರು ಆ ಊರಿನಲ್ಲಿ ಸಿಕ್ಕ ನಾಯಿಗಳಿಗೆಲ್ಲ ಲಸಿಕೆ ಹಾಕಿದ್ದಾಗಿ ತಿಳಿಸಿದರು, ನಮ್ಮದು ಅದರಲ್ಲಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಅತ್ತೆ ಬೆಳಿಗ್ಗೆ ಮುದ್ದೆ ತಿರುವಿದ ಮೇಲೆ ಒಂದು ಸಣ್ಣ ಉಂಡೆಯನ್ನು ಪಕ್ಕಕ್ಕಿಟ್ಟು, ಆಮೇಲೆ ನೆನಪಾಗಿ, ಅದನ್ನು ಪಕ್ಕದ ಮನೆಯ ಹಸುವಿನ ಕಲಗಚ್ಚಿಗೆ ಹಾಕುತ್ತಾರೆ. ಹೆಸರಿಡದಿದ್ದರೆ ದುಃಖವಾಗದು ಎಂದಿದ್ದವರು ಅವರೇ.

ಕೊನೆಯ ಸೂಜಿಯ ದಿನ ಆಸ್ಪತ್ರೆಯಿಂದ ಹೊರಬಂದು ಶಿಡ್ಲಘಟ್ಟದ ಬಸ್‌ಸ್ಟ್ಯಾಂಡಿನಲ್ಲಿ ಕೂತೆವು. ಕೈಯ ಗಾಯ ಮಾದಿತ್ತು, ಹಲ್ಲಿನ ಗುರುತು ಬೆಳ್ಳಗೆ ಉಳಿದಿತ್ತು. ಇನ್ನು ಹೆದರಬೇಕಾಗಿಲ್ಲ ಎಂದು ಡಾಕ್ಟರು ಹೇಳಿದ್ದರು, ನಾನು ಎರಡೆರಡು ಸಲ ಕೇಳಿ ಖಚಿತ ಮಾಡಿಕೊಂಡಿದ್ದೆ. ಬ್ಯಾಗಿನಿಂದ ನೀರಿನ ಬಾಟಲಿ ತೆಗೆದು ಅವಳಿಗೆ ಕೊಟ್ಟೆ. ಅವಳು ತಲೆ ಎತ್ತಿ ಬಾಯಿಗೆ ಸುರಿದುಕೊಂಡಳು. ನನಗೇ ಅರಿವಿಲ್ಲದೆ ಅವಳ ಗಂಟಲನ್ನೇ ನೋಡುತ್ತಿದ್ದೆ. ಎಷ್ಟೋ ದಿನಗಳಿಂದ ನಾನು ಹಾಗೆ ನೋಡುತ್ತಿದ್ದೆ. ಬೇಲಿಯಾಚೆ, ಬಸ್ಸಿನಲ್ಲಿ, ಬಾವಿಕಟ್ಟೆಯಲ್ಲಿ, ಅವಳು ನೀರು ಕುಡಿದಾಗಲೆಲ್ಲ.

ಅವಳು ಬಾಟಲಿ ಇಳಿಸಿ, ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು.

“ಹಂಗೆ ನೋಡ್ಬೇಡಿ ಅಕ್ಕ” ಎಂದಳು. “ನೀವು ಹಂಗೆ ನೋಡ್ತಿದ್ರೆ ನಂಗೆ ನೀರು ಇಳಿಯಲ್ಲ.”

ನಾನು ಮುಖ ತಿರುಗಿಸಿ, ಬಸ್ಸು ಬರುವ ಕಡೆ ನೋಡುತ್ತ ಕೂತೆ.